ಹಳದಿ ಡಬ್ಬದ ಕೆಳಗೆ

ನಮ್ಮ ಅಣ್ಣನನ್ನು ಬೀದಿಯವರೆಲ್ಲ ನೀರುಕೋಳಿ ಅಂತ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ ಕರೆಯುತ್ತಿದ್ದರು. ಅವನೂ ಹಲ್ಲು ಕಿರಿದು ಓಗೊಡುತ್ತಿದ್ದ. ಮೈ ಉರಿಯುತ್ತಿದ್ದದ್ದು ನನಗೆ. ಹೊಟ್ಟೆಪಾಡಿಗೆ ನೀರಿಗೆ ಇಳಿಯುವವನನ್ನು ಕೋಳಿ ಅನ್ನುವವರು ಒಂದು ದಿನ ಆ ರಬ್ಬರ್ ಅಂಗಿ ತೊಟ್ಟುಕೊಂಡು ಹಡಗಿನ ಹೊಟ್ಟೆಯ ಕೆಳಗೆ ತೂರಿ ನೋಡಲಿ, ಆಮೇಲೆ ಮಾತಾಡಲಿ ಅನ್ನಿಸುತ್ತಿತ್ತು. ಹಾಗಂತ ಒಂದೆರಡು ಸಲ ಅಂದೂ ಬಿಟ್ಟಿದ್ದೇನೆ. ನನ್ನ ಬಾಯಿ ಬೀದಿಗೆಲ್ಲ ಗೊತ್ತು.

ಅವನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಕೆರೆಯುವುದು. ಬಂದರಿಗೆ ಬಂದು ನಿಂತ ಹಡಗುಗಳ ತಳಕ್ಕೆ ಚಿಪ್ಪು, ಪಾಚಿ ಅಂಟಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಅದು ಬೆಳೆದಷ್ಟೂ ಹಡಗಿನ ಓಟ ಕಡಿಮೆ, ಎಣ್ಣೆಯ ಖರ್ಚು ಜಾಸ್ತಿ. ಅಣ್ಣ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಕೈಯಲ್ಲಿ ಅಗಲ ಬಾಯಿಯ ಉಳಿ ಹಿಡಿದು, ಕಪ್ಪು ನೀರಿನಲ್ಲಿ ಅಂಗಾತ ತೇಲುತ್ತ ಅದನ್ನೆಲ್ಲ ಕೆರೆದು ಬೀಳಿಸುತ್ತಿದ್ದ. ಮೇಲೆ ಬಂದಾಗ ಬೆರಳುಗಳ ತುದಿಗಳು ನೆನೆದ ಕಾಗದದಂತೆ ಬೆಳ್ಳಗಾಗಿರುತ್ತಿದ್ದವು. ಅವನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಮನೆಯವರು ಏನು ಕೆಲಸ ಅಂತ ಕೇಳಿದರು. ಇದ್ದದ್ದು ಇದ್ದ ಹಾಗೆ, ಹಡಗಿನ ತಳ ಕೆರೀತೀನಿ ಅಂದ. ಒಳಗಿನಿಂದ ಹುಡುಗಿಯೇ, "ಮನೇಲಿ ಪಾತ್ರೆನೂ ಕೆರೀತಾರಾ ಕೇಳಿ" ಅಂದಳಂತೆ. ಅವಳೇ ನಮ್ಮ ಅತ್ತಿಗೆ. ಕೆರೀತೀನಿ ಅಂತ ಅವಳಿಗೆ ಕೊಟ್ಟ ಮಾತನ್ನು ಅಣ್ಣ ಇವತ್ತಿಗೂ ಉಳಿಸಿಕೊಂಡಿದ್ದಾನೆ. ನಮ್ಮ ಮನೆಯ ಬಾಣಲೆಗಳ ಹಿಂಭಾಗ ನೋಡಿದರೆ ಮುಖ ಕಾಣುತ್ತದೆ.

ನಾನು ಅವನ ತಂಗಿ. ಮದುವೆ ಆಗಲಿಲ್ಲ, ಆಗಲಿಲ್ಲ ಅಂತ ಅತ್ತವಳೂ ಅಲ್ಲ. ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ರವಿಕೆ, ಲಂಗ ಹೊಲಿಯುವವಳಲ್ಲ ನಾನು; ದೋಣಿಗಳಿಗೆ ಹೊದಿಸುವ ಟಾರ್ಪಾಲು, ಲೈಫ್ ಜಾಕೆಟ್ಟಿನ ಪಟ್ಟಿ, ಮೀನಿನ ಬುಟ್ಟಿಯ ಕ್ಯಾನ್ವಾಸು, ಇಂಥವು ನನ್ನ ಮಿಷನ್ನಿನ ಕೆಳಗೆ ಹೋಗುತ್ತವೆ. ಹಿಂದಿನ ಕೋಣೆಗಳಲ್ಲಿ ಅಣ್ಣ, ಅತ್ತಿಗೆ, ಅಮ್ಮ. ತಾರಸಿ ಹತ್ತಿದರೆ ಬಂದರಿನ ಗೋಡೆ ದಾಟಿ ಕಡಲು ಕಾಣುತ್ತದೆ.

ಆ ಕಡಲಿನಲ್ಲಿ ನಮ್ಮ ಅಪ್ಪ ಇದ್ದಾರೆ. ಇದ್ದರು ಅನ್ನಬೇಕೋ ಏನೋ, ಆ ಮಾತಿಗೆ ಆಮೇಲೆ ಬರುತ್ತೇನೆ. ಅಪ್ಪ ಸರಕು ಹಡಗೊಂದರ ಇಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವ ಕೆಲಸದಲ್ಲಿದ್ದರು. ಹಡಗು ಅವರಿಗಿಂತ ಎಷ್ಟೋ ಹಳೆಯದು, ಅವರ ಅಪ್ಪನ ವಯಸ್ಸಿನದು. ಒಂದು ಬೆಳಗ್ಗೆ ಬಂದರಿಗೆ ಮರಳುವಾಗ ಸರಕು ಒಂದು ಕಡೆಗೆ ಜಾರಿ, ಹಡಗು ಮಗ್ಗುಲಾಗಿ, ದಡದಲ್ಲಿದ್ದವರು ನೋಡುನೋಡುತ್ತಿದ್ದಂತೆ ಮುಳುಗಿತು. ಮೇಲಿನ ಅಟ್ಟದಲ್ಲಿದ್ದವರು ಹಾರಿ ಬದುಕಿದರು. ಇಂಜಿನ್ ಕೋಣೆಯವರು ಒಬ್ಬರೂ ಮೇಲೆ ಬರಲಿಲ್ಲ. ಆಗ ಅಣ್ಣ ಶಾಲೆಗೆ ಹೋಗುವ ಹುಡುಗ, ನಾನು ಅಮ್ಮನ ಸೊಂಟದ ಮೇಲೆ.

ಅಪ್ಪನ ಹೆಣ ಸಿಗಲಿಲ್ಲ. ಹೆಣ ಸಿಗದ ಮನೆಯ ಕಷ್ಟ ಅನುಭವಿಸಿದವರಿಗೇ ಗೊತ್ತು. ಅತ್ತು ಮುಗಿಸಲು ಆಗುವುದಿಲ್ಲ. ಅಮ್ಮ ಒಂದು ದಿನವೂ ಅಪ್ಪ ಸತ್ತರು ಅಂದವಳಲ್ಲ. "ಅವರು ಅಲ್ಲಿದ್ದಾರೆ" ಅನ್ನುತ್ತಿದ್ದಳು. ಪಕ್ಕದ ಊರಿಗೆ ಕೆಲಸಕ್ಕೆ ಹೋದವರ ವಿಷಯ ಹೇಳುವ ಹಾಗೆ.

ಅಲ್ಲಿ ಅಂದರೆ ಸರಿಯಾಗಿ ಯಾವ ಜಾಗ ಅಂತ ಮೀನು ಹಿಡಿಯುವವರಿಗೆ ಮಾತ್ರ ಗೊತ್ತಿತ್ತು. ನೀರಿನ ಮೇಲೆ ಗುರುತು ಹಾಕಲು ಆಗುವುದಿಲ್ಲವಲ್ಲ, ಅವರು ದಡವನ್ನು ನೋಡಿ ಜಾಗ ಹಿಡಿಯುತ್ತಾರೆ. ದೀಪಸ್ತಂಭವೂ ಐಸ್ ಕಾರ್ಖಾನೆಯ ಚಿಮಣಿಯೂ ಒಂದರ ಹಿಂದೆ ಒಂದು ಬರಬೇಕು. ಇನ್ನೊಂದು ಕಡೆ, ಗುಡ್ಡದ ಬಿಳಿ ಬಂಡೆ ನೀರಿನ ಟ್ಯಾಂಕಿಯ ಎಡಗಡೆಗೆ ತಾಗಿದಂತೆ ಕಾಣಬೇಕು. ಎರಡೂ ಕೂಡಿದ ಕಡೆ ಕೆಳಗೆ ಹಡಗು. ಈ ಗುರುತನ್ನು ಅಪ್ಪ ಮಗನಿಗೆ, ಮಾವ ಅಳಿಯನಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದರು, ಹೊರಗಿನವರಿಗೆ ಹೇಳುತ್ತಿರಲಿಲ್ಲ. ಅಲ್ಲಿ ಬಲೆ ಬಿಡುತ್ತಿರಲಿಲ್ಲ. ಅಪ್ಪಿತಪ್ಪಿ ಬಲೆ ಸಿಕ್ಕಿಕೊಂಡರೆ ಎಳೆಯುತ್ತಿರಲಿಲ್ಲ, ಎಷ್ಟೇ ಹೊಸ ಬಲೆಯಾದರೂ ಕೊಯ್ದು ಬಿಟ್ಟು ಬರುತ್ತಿದ್ದರು. ಎಳೆದರೆ ಏನು ಮೇಲೆ ಬರುತ್ತದೋ ಅಂತ ಹೆದರಿಕೆ, ಜೊತೆಗೆ ಮರ್ಯಾದೆ. ಅಲ್ಲಿ ಮಲಗಿರುವವರು ಅವರ ಅಣ್ಣತಮ್ಮಂದಿರು, ಭಾವಂದಿರು.

ಅಣ್ಣ ನೀರಿನ ಕೆಲಸಕ್ಕೆ ಹೋದದ್ದೇ ಆ ಹಡಗಿನವರೆಗೆ ಇಳಿಯಲು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಅಮ್ಮನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊದಲ ಸಲ ಅಲ್ಲಿ ಇಳಿದು ಬಂದ ದಿನ ಊಟದ ತಟ್ಟೆಯ ಮುಂದೆ ಕೂತ. ಅಮ್ಮ ಕೇಳಿದಳು, "ಹೇಗಿದೆ?"

"ಬಲೆ ತುಂಬಿದೆಯಮ್ಮ."

ಇಷ್ಟು ವರ್ಷ ಮರ್ಯಾದೆಯಿಂದ ಕೊಯ್ದು ಬಿಟ್ಟ ಬಲೆಗಳೆಲ್ಲ ಹಡಗಿನ ಮೇಲೆ ಪದರ ಪದರವಾಗಿ ಕೂತಿದ್ದವು. ನೈಲಾನ್ ಕೊಳೆಯುವುದಿಲ್ಲ. ಹಿಡಿಯುವವರು ಇಲ್ಲದಿದ್ದರೂ ಅದು ಹಿಡಿಯುತ್ತಲೇ ಇರುತ್ತದೆ. ಮೀನು ಸಿಕ್ಕಿ ಸತ್ತು, ಅದನ್ನು ತಿನ್ನಲು ಬಂದ ದೊಡ್ಡ ಮೀನೂ ಸಿಕ್ಕಿ ಸತ್ತು, ಒಂದು ಆಮೆ ಕುತ್ತಿಗೆ ಸಿಕ್ಕಿಸಿಕೊಂಡು ಚಿಪ್ಪು ಮಾತ್ರ ಉಳಿದು ತೂಗಾಡುತ್ತಿತ್ತಂತೆ. ಅಣ್ಣ ಅವತ್ತು ಅನ್ನ ಮುಟ್ಟಲಿಲ್ಲ. ಮಾರನೆಯ ವಾರದಿಂದ ರಜೆಯ ದಿನಗಳಲ್ಲಿ ಜೊತೆಗಾರರನ್ನು ಕಟ್ಟಿಕೊಂಡು ಹೋಗಿ ಬಲೆ ಕತ್ತರಿಸಿ ತರಲು ಶುರು ಮಾಡಿದ. ತಂದದ್ದನ್ನು ಎಲ್ಲಿ ಹಾಕಿದ ಅಂತೀರಿ? ನನ್ನ ಅಂಗಡಿಯ ಹಿಂದೆ. ಆ ನಾತಕ್ಕೆ ಗಿರಾಕಿಗಳು ಮೂಗು ಮುಚ್ಚಿಕೊಂಡು ಬೀದಿಯಲ್ಲೇ ನಿಂತು ಮಾತಾಡಿಸುತ್ತಿದ್ದರು. ಬೈದು ಬೈದು ನನಗೇ ಗಂಟಲು ಕಟ್ಟಿತು. ಆಮೇಲೆ ನಾನೇ ಅದನ್ನು ತೊಳೆದು, ಒಳ್ಳೆಯ ಹುರಿಯನ್ನು ಬಿಡಿಸಿ, ಚೀಲಗಳ ಹಿಡಿಕೆಗೆ ಹಾಕಿ ಹೊಲಿದೆ. ಬೈಯುವುದು ಬೇರೆ, ಕೈಬಿಡುವುದು ಬೇರೆ.

ಬಲೆ ಹೋದ ಮೇಲೆ ಮೀನು ಮರಳಿ ಬಂತು. ಅಣ್ಣ ಪ್ರತಿ ಸಲವೂ ಬಂದು ಅಮ್ಮನಿಗೆ ವರದಿ ಒಪ್ಪಿಸುತ್ತಿದ್ದ. ಹಡಗಿನ ಚಿಮಣಿಯ ಒಳಗೆ ಮರಿ ಮೀನುಗಳು ಸೇರಿಕೊಂಡಿವೆ. ಕಂಬಿಗಳ ಮೇಲೆ ಕೆಂಪು ಹವಳದಂಥದ್ದು ಏನೋ ಹಬ್ಬಿದೆ. ಇಂಜಿನ್ ಕೋಣೆಯ ಬಾಗಿಲು ಬಾಗಿ ಮುಚ್ಚಿಕೊಂಡಿದೆ, ಅರ್ಧ ಮರಳು ತುಂಬಿದೆ, ಯಾರೂ ಒಳಗೆ ಹೋಗಲು ಆಗುವುದಿಲ್ಲ.

"ನೀನೂ ಹೋಗ್ಬೇಡ" ಅಂದಳು ಅಮ್ಮ. "ಮಲಗಿದ್ದಾರೆ, ಮಲಗ್ಲಿ."

ಅಷ್ಟರಲ್ಲಿ ಒಬ್ಬರು ಮೇಡಂ ಬಂದರು. ನೀರಿನ ಕೆಳಗಿರುವ ಹಳೆಯ ಹಡಗು, ಹಳೆಯ ಕಟ್ಟೆ, ಇಂಥವುಗಳನ್ನು ಕಾಯುವ ಕಚೇರಿಯವರು. ಬಿಸಿಲಿಗೆ ಸುಟ್ಟ ಮುಖ, ಕಾಲಿಗೆ ಗಂಡಸರ ಚಪ್ಪಲಿ. ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನನ್ನ ಚಹಾ ಚೆನ್ನಾಗಿಲ್ಲ ಅಂತ ಮುಖದ ಮೇಲೆ ಹೇಳಿ, ಆದರೂ ಎರಡು ಲೋಟ ಕುಡಿದವರು. ಒಳ್ಳೆಯವರು. ಈಗಲೂ ಅವರ ಮೇಲೆ ನನಗೆ ಸಿಟ್ಟಿಲ್ಲ. ಅಂಥ ಹಡಗು ಈಗ ಬೇರೆ ಎಲ್ಲೂ ಉಳಿದಿಲ್ಲ, ಮೊಳೆ ಬಡಿದು ಜೋಡಿಸಿದ ತಗಡುಗಳು, ಆ ಕಾಲದ ಕೆಲಸಗಾರರ ಕೈ ಅದರಲ್ಲಿದೆ ಅಂದರು. ಜನ ಸತ್ತ ಜಾಗ, ಮೀನು ಮರಿ ಮಾಡುವ ಜಾಗ, ಎರಡೂ ಒಂದೇ ಆಗಿರುವಾಗ ಅದನ್ನು ಕಾಯದೆ ಇನ್ನೇನು ಕಾಯಬೇಕು ಅಂದರು. ಜಾಗ ತೋರಿಸಿದರೆ ಸುತ್ತ ಯಾರೂ ಲಂಗರು ಹಾಕದ ಹಾಗೆ, ಬಲೆ ಎಳೆಯದ ಹಾಗೆ ಕಟ್ಟಳೆ ತರುತ್ತೇವೆ ಅಂದರು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಮೇಲೆ ತರೋಕಾಗಲ್ವಾ?" ಅಂದಳು.

ಮೇಡಂ ಎದ್ದು ನಿಂತು ಉತ್ತರ ಹೇಳಿದರು. "ಆಗಲ್ಲಮ್ಮ. ಇಷ್ಟು ವರ್ಷ ಉಪ್ಪುನೀರಲ್ಲಿದ್ದ ಕಬ್ಬಿಣ, ಗಾಳಿ ತಾಗಿದ್ರೆ ಪುಡಿ ಪುಡಿ ಆಗುತ್ತೆ. ಒಳಗಿರೋರನ್ನೂ ಕಲಕಿದ ಹಾಗಾಗುತ್ತೆ. ಹಾಗೇ ಇರೋಕೆ ಬಿಡೋದೇ ನಾವು ಮಾಡಬಹುದಾದ ದೊಡ್ಡ ಕೆಲಸ."

ಅಮ್ಮ ತಲೆಯಾಡಿಸಿ ಒಳಗೆ ಹೋದಳು. ಒಪ್ಪಿಕೊಂಡಳು ಅಂತಲೇ ನಾವೆಲ್ಲ ತಿಳಿದೆವು.

ಒಪ್ಪದವರು ದೋಣಿಯವರು. ಅವರಲ್ಲಿ ಎಲ್ಲರಿಗಿಂತ ಹಿರಿಯರು, ನಾವು ದೊಡ್ಡಪ್ಪ ಅನ್ನುತ್ತಿದ್ದವರು, ಮನೆಗೇ ಬಂದು ಜಗಲಿಯ ಮೇಲೆ ಕೂತರು. ಅವರ ಸ್ವಂತ ತಮ್ಮನೂ ಅದೇ ಇಂಜಿನ್ ಕೋಣೆಯಲ್ಲಿದ್ದವರು.

"ನೋಡಪ್ಪ, ಬಾಯಲ್ಲಿರೋದು ಬಾಯಲ್ಲೇ ಇರ್ಲಿ. ಊರಿಗೆಲ್ಲ ಕಾಣೋ ಹಾಗೆ ಗುರುತು ಹಾಕಿದ್ರೆ, ಕಾಯೋರಿಗೂ ಕಾಣುತ್ತೆ, ಕದಿಯೋರಿಗೂ ಕಾಣುತ್ತೆ."

"ದೊಡ್ಡಪ್ಪ, ನೀವು ಇನ್ನೆಷ್ಟು ದಿನ ಕಾಯ್ತೀರಿ? ಹೊರಗಿನ ದೊಡ್ಡ ಟ್ರಾಲರ್‌ಗಳಿಗೆ ನಮ್ಮ ಬಂಡೆ, ಚಿಮಣಿ ಏನು ಗೊತ್ತು? ಮೊನ್ನೆ ಒಂದು ಲಂಗರು ಹಿಂದುಗಡೆಯ ಅಟ್ಟಾನೇ ಕಿತ್ಹಾಕಿದೆ. ನಾನು ಕಣ್ಣಾರೆ ನೋಡಿ ಬಂದೆ."

ಅದು ನಿಜ. ಅಣ್ಣ ಸುಳ್ಳು ಹೇಳುವವನಲ್ಲ. ದೊಡ್ಡಪ್ಪ ಅಗಿಯುತ್ತಿದ್ದ ಹಲ್ಲುಕಡ್ಡಿಯನ್ನು ಉಗಿದು, "ನಿಮ್ಮಮ್ಮ ಏನಂತಾಳೆ?" ಅಂದರು. ಅಮ್ಮ ಒಳಗಿನಿಂದಲೇ, "ಯಾರೂ ತುಳೀಬಾರ್ದು, ಅಷ್ಟೇ. ಬೇಲಿ ಹಾಕ್ತಾರೆ ಅಂದ್ರೆ ಹಾಕ್ಲಿ" ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಅಣ್ಣನೇ ಮೇಡಂ ಅವರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ಜಾಗ ತೋರಿಸಿದ. ಕಚೇರಿಯವರು ಅಲ್ಲಿ ಒಂದು ದೊಡ್ಡ ಹಳದಿ ಡಬ್ಬ ತೇಲಿಬಿಟ್ಟು, ಸರಪಣಿ ಹಾಕಿ ಕೆಳಗೆ ಕಲ್ಲಿಗೆ ಕಟ್ಟಿದರು. ಹಡಗು ನಡೆಸುವವರ ನಕ್ಷೆಗಳಲ್ಲೆಲ್ಲ ಜಾಗವನ್ನು ಅಚ್ಚು ಹಾಕಿಸಿದರು, ಇಲ್ಲಿ ಯಾರೂ ಲಂಗರು ಬಿಡಬಾರದು ಅಂತ. ಆ ಡಬ್ಬ ನಮ್ಮ ತಾರಸಿಗೆ ಕಾಣುತ್ತಿತ್ತು. ಸಾಸಿವೆ ಕಾಳಿನಷ್ಟು, ಆದರೂ ಕಾಣುತ್ತಿತ್ತು.

ಆಮೇಲಿನ ವರ್ಷಗಳು ನಮ್ಮ ಮನೆಯಲ್ಲಿ ಒಳ್ಳೆಯ ವರ್ಷಗಳು. ಅಮ್ಮನಿಗೆ ಒಂದು ಜಾಗ ಸಿಕ್ಕಿತು. ಹತ್ತಿರದ್ದು ಅವಳಿಗೆ ಏನೂ ಕಾಣುತ್ತಿರಲಿಲ್ಲ, ಸೂಜಿಗೆ ದಾರ ಪೋಣಿಸಲು ನಾನೇ ಬೇಕು. ದೂರದ್ದು ಮಾತ್ರ ಹದ್ದಿನ ಕಣ್ಣು. ಬಟ್ಟೆ ಒಣಗಿಸಲು ಅಂತ ತಾರಸಿಗೆ ಹೋದವಳು ಬಟ್ಟೆ ಒಣಗಿದರೂ ಇಳಿಯುತ್ತಿರಲಿಲ್ಲ. ವರ್ಷಕ್ಕೊಂದು ಸಲ, ಹಡಗು ಮುಳುಗಿದ ದಿನ, ಅಣ್ಣ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು ಡಬ್ಬದ ಹತ್ತಿರ ಹೋಗುತ್ತಿದ್ದ. ನಾನೂ ಹೋಗುತ್ತಿದ್ದೆ. ಹೋಗುವಾಗಲೂ ವಾಂತಿ, ಬರುವಾಗಲೂ ವಾಂತಿ. ಬಂದರಿನಲ್ಲಿ ಹುಟ್ಟಿ ಬೆಳೆದು ಇದೇನು ಅವಮಾನ ಅಂತ ಅತ್ತಿಗೆ ಗೇಲಿ ಮಾಡುತ್ತಿದ್ದಳು. ಅಮ್ಮ ಡಬ್ಬದ ಮೇಲೆ ಅಂಗೈ ಇಟ್ಟು ಕೂತಿರುತ್ತಿದ್ದಳು. ಅಣ್ಣ ಇಳಿದು, ಸುತ್ತ ಒಂದು ಸುತ್ತು ಹಾಕಿ, ಮೇಲೆ ಬಂದು, "ಎಲ್ಲ ಹಾಗೇ ಇದೆಯಮ್ಮ" ಅನ್ನುತ್ತಿದ್ದ. ಅಷ್ಟೇ ಸಾಕು. ಮನೆಗೆ ಬಂದು ಅಮ್ಮ ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಮೇಡಂಗೆ ಬೇರೆ ಕಡೆಗೆ ವರ್ಗವಾಯಿತು. ಆಮೇಲೆ ಬಂದವರು ಕಡಲನ್ನು ಕಿಟಕಿಯಿಂದ ನೋಡುವವರು. ಡಬ್ಬದ ಸರಪಣಿ ಸವೆದಿತ್ತು, ಬದಲಾಯಿಸಿ ಅಂತ ಅಣ್ಣ ಕಚೇರಿಗೆ ಎಡತಾಕಿ ಎಡತಾಕಿ ಸೋತ. ಆಗಲಿ ಅನ್ನುವರು, ಕಳಿಸುತ್ತೇವೆ ಅನ್ನುವರು. ಯಾರೂ ಬರುತ್ತಿರಲಿಲ್ಲ.

ಆ ವರ್ಷ ಅಣ್ಣನ ಕಿವಿ ಕೆಟ್ಟಿತು. ಒಂದು ಹಡಗಿನ ತಳ ಕೆರೆಯುವಾಗ ನೆಗಡಿ ಇದ್ದರೂ ಇಳಿದಿದ್ದ, ಬಲಗಿವಿಯ ತಮಟೆ ಹರಿಯಿತು. ಡಾಕ್ಟರು ನೀರನ್ನು ಮುಟ್ಟಕೂಡದು, ಮುಟ್ಟಿದರೆ ಕಿವಿಯೇ ಹೋಗುತ್ತದೆ ಅಂದರು. ಅದೇ ಸಮಯಕ್ಕೆ ಮೀನು ಮರಿ ಮಾಡುವ ಕಾಲ ಬಂತು, ಯಾರೂ ದೋಣಿ ಇಳಿಸಬಾರದು ಅಂತ ಕಟ್ಟಳೆ. ದೋಣಿಗಳೆಲ್ಲ ದಡದಲ್ಲಿ ಬೋರಲು ಬಿದ್ದಿದ್ದವು. ನನಗೆ ಕೈತುಂಬ ಕೆಲಸ, ಟಾರ್ಪಾಲು ತೇಪೆ ಹಾಕಿಸುವವರ ಸಾಲು. ಅಣ್ಣನಿಗೆ ಕೆಲಸವಿಲ್ಲ. ಕಿವಿಗೆ ಹತ್ತಿ ಇಟ್ಟುಕೊಂಡು ತಾರಸಿಯ ಮೇಲೆ ಅಮ್ಮನ ಜೊತೆ ಕೂತಿರುತ್ತಿದ್ದ.

ಒಂದು ಬೆಳಗ್ಗೆ ಹಳದಿ ಡಬ್ಬದ ಪಕ್ಕದಲ್ಲಿ ಒಂದು ಬಾರ್ಜು ಬಂದು ನಿಂತಿತ್ತು. ಚಪ್ಪಟೆ ತಳ, ಮೇಲೊಂದು ಕ್ರೇನು, ಕಿತ್ತಳೆ ಬಣ್ಣದ ಅಂಗಿ ಹಾಕಿದ ಜನ. ಅಣ್ಣ ಮೆಟ್ಟಿಲಿಳಿದು ಓಡಿ ಬಂದ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅವನ ಮದುವೆಯ ದಿನವೂ ನೋಡಿರಲಿಲ್ಲ.

"ಬಂದ್ರು ಕಣೇ! ಅಂತೂ ಬಂದ್ರು. ಸರಪಣಿ ಹಾಕೋಕೆ ಬಾರ್ಜನ್ನೇ ಕಳಿಸಿದ್ದಾರೆ."

"ಒಂದು ಸರಪಣಿಗೆ ಅಷ್ಟು ದೊಡ್ಡ ಕ್ರೇನಾ?" ಅಂದೆ ನಾನು.

"ಕಲ್ಲೂ ಬದಲಾಯಿಸ್ಬೇಕಲ್ಲ. ನಿನಗೇನು ಗೊತ್ತಾಗುತ್ತೆ, ಟಾರ್ಪಾಲು ಹೊಲಿ."

ಬಂದರಿನಲ್ಲೂ ಎಲ್ಲರೂ ಹಾಗೇ ತಿಳಿದರು. ಕದಿಯುವವರು ಹಾಡಹಗಲಲ್ಲಿ, ಕಾಯುವ ಗುರುತಿನ ಪಕ್ಕದಲ್ಲೇ ನಿಂತು ಕದಿಯುತ್ತಾರೆ ಅಂತ ಯಾರಿಗೆ ಹೊಳೆಯುತ್ತದೆ? ಗುರುತಿದ್ದ ಕಡೆ ನಿಂತಿದ್ದರಿಂದಲೇ ಅದು ಕಚೇರಿಯ ಬಾರ್ಜು ಅಂತ ನಂಬಿದೆವು. ಹತ್ತಿರ ಹೋಗಿ ನೋಡಲು ದೋಣಿ ಇಳಿಸುವಂತಿರಲಿಲ್ಲ. ಮೀನನ್ನು ಕಾಯುವ ಕಟ್ಟಳೆಯನ್ನು ನಮ್ಮವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಅಣ್ಣ ಪ್ರತಿದಿನ ತಾರಸಿಯ ಮೇಲೆ ಅಮ್ಮನ ಪಕ್ಕದಲ್ಲಿ ಕೂತು ವಿವರಿಸುತ್ತಿದ್ದ. ನೋಡಮ್ಮ, ಈಗ ಕೊಕ್ಕೆ ಇಳಿಸ್ತಿದ್ದಾರೆ. ನೋಡಮ್ಮ, ಹಳೇ ಸರಪಣಿ ಎತ್ತುತ್ತಿದ್ದಾರೆ. ಹಳೇ ಲಂಗರುಗಳು ಬಿದ್ದಿದ್ವಲ್ಲ, ಅವನ್ನೂ ತೆಗೀತಿದ್ದಾರೆ ಅನ್ಸುತ್ತೆ, ದೂರಕ್ಕೆ ಸರಿಯಾಗಿ ಕಾಣ್ತಿಲ್ಲ. "ಅಪ್ಪನ್ನ ಚೆನ್ನಾಗಿ ನೋಡ್ಕೋತಿದ್ದಾರಮ್ಮ." ಅಮ್ಮ ಸೆರಗನ್ನು ತಲೆಗೆ ಎಳೆದುಕೊಂಡು ಅತ್ತಲೇ ನೋಡುತ್ತಿದ್ದಳು. ಒಂದೊಂದು ಸಲ ಅವಳಷ್ಟಕ್ಕೇ ನಗುತ್ತಿದ್ದಳು. ಊಟಕ್ಕೆ ಕರೆದರೂ ಇಳಿಯದೆ ಇದ್ದಾಗ ನಾನು ತಟ್ಟೆಯನ್ನು ಮೇಲಕ್ಕೇ ಒಯ್ದು ಕೊಟ್ಟೆ.

ಬಾರ್ಜು ಹೋಯಿತು. ಹೋಗುವಾಗ ನೀರಿನಲ್ಲಿ ತಗ್ಗಿ, ಭಾರವಾಗಿ ಹೋಯಿತು. ಡಬ್ಬ ಹಾಗೇ ತೇಲುತ್ತಿತ್ತು. ಅಣ್ಣ ಕಚೇರಿಗೆ ಥ್ಯಾಂಕ್ಸ್ ಹೇಳೋಣ ಅಂತ ಫೋನ್ ಮಾಡಿದ. ನನ್ನ ಅಂಗಡಿಯಲ್ಲೇ ನಿಂತು ಮಾಡಿದ, ಸರಿಯಿದ್ದ ಕಿವಿಗೆ ಹಿಡಿದು. "ಸಾರ್, ಬಹಳ ಉಪಕಾರ ಆಯ್ತು, ಕೆಲಸ ನೋಡಿದ್ವಿ" ಅಂದ. ಆಮೇಲೆ ಫೋನ್ ಕೆಳಗಿಟ್ಟ. ನಾನು ಮಿಷನ್ ನಿಲ್ಲಿಸಿ ತಲೆ ಎತ್ತಿದೆ. ಅವನ ತುಟಿ ಬಿಳುಚಿತ್ತು.

"ಅವರು ಯಾವ ಬಾರ್ಜೂ ಕಳಿಸಿಲ್ವಂತೆ" ಅಂದ.

ಡಾಕ್ಟರ ಮಾತು, ಕಟ್ಟಳೆ, ಅತ್ತಿಗೆಯ ಅಳು, ಯಾವುದೂ ಅವನನ್ನು ತಡೆಯಲಿಲ್ಲ. ದೊಡ್ಡಪ್ಪನೇ ದೋಣಿ ಇಳಿಸಿದರು. ಅಮ್ಮ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ನಾನು ಬಂದರಿನ ಗೋಡೆಯ ಮೇಲೆ ನಿಂತು ಕಾದೆ. ದೋಣಿ ಮರಳಿ ಬಂದಾಗ ಅಣ್ಣ ಅದರ ತಳದಲ್ಲಿ ಕೂತಿದ್ದ, ಬಲಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದಿತ್ತು. ಒರೆಸಿಕೊಂಡಿರಲಿಲ್ಲ.

"ಹಡಗಿಲ್ಲ" ಅಂದ. "ಹಳ್ಳ ಇದೆ. ಮರಳಲ್ಲಿ ಹಡಗಿನ ಆಕಾರದ ಹಳ್ಳ."

ಗ್ಯಾಸ್ ಕಟರಿನಿಂದ ತುಂಡು ತುಂಡು ಮಾಡಿ, ಹೊರಲಾಗದ್ದನ್ನು ಸಿಡಿಸಿ, ಒಂದು ತಗಡೂ ಬಿಡದೆ ಎತ್ತಿಕೊಂಡು ಹೋಗಿದ್ದರು. ಸತ್ತ ಮೀನುಗಳು ತಳದಲ್ಲಿ ಹೊಟ್ಟೆ ಮೇಲಾಗಿ ಬಿದ್ದಿದ್ದವು. ಇಂಜಿನ್ ಕೋಣೆ ಇದ್ದ ಕಡೆ ಕಪ್ಪು ಎಣ್ಣೆಯ ಕೆಸರು. ಬಾಗಿಲಿಲ್ಲ, ಗೋಡೆಯಿಲ್ಲ. ಕಚೇರಿಯವರು ಬಂದು ನೋಡಿ, ದೂರು ಬರೆದುಕೊಂಡು ಹೋದರು. ಹಳೆಯ ಕಬ್ಬಿಣಕ್ಕೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ, ಇಷ್ಟು ಹೊತ್ತಿಗೆ ಯಾವುದೋ ಕುಲುಮೆಯಲ್ಲಿ ಕರಗಿರುತ್ತದೆ, ಬಾರ್ಜಿನ ಹೆಸರೂ ಸುಳ್ಳು ಹೆಸರು ಅಂದರು. ಮೇಡಂ ಅಷ್ಟು ದೂರದಿಂದ ಫೋನ್ ಮಾಡಿ ಅತ್ತರು. ದೊಡ್ಡಪ್ಪ ಅಣ್ಣನಿಗೆ ಒಂದು ಮಾತೂ ಆಡಲಿಲ್ಲ, ನಾನು ಆವತ್ತೇ ಹೇಳಿರಲಿಲ್ವಾ ಅನ್ನಲಿಲ್ಲ. ಅಂದಿದ್ದರೆ ಅಣ್ಣನಿಗೆ ಹಗುರವಾಗುತ್ತಿತ್ತೋ ಏನೋ.

ಅಮ್ಮನಿಗೆ ಹೇಳುವುದು ಹೇಗೆ? ನಾನು ಹೇಳುತ್ತೇನೆ ಅಂದೆ, ಬೇಡ ಅಂದ. ಅವನೇ ಹೇಳುತ್ತೇನೆ ಅಂದ, ಹೇಳಲಿಲ್ಲ. ಒಂದು ವಾರ ಹಾಗೇ ಕಳೆಯಿತು. ಮನೆಯಲ್ಲಿ ನಾವು ಮೂವರೂ ಪಿಸುಮಾತಿನವರಾದೆವು. ಅಮ್ಮ ಮಾತ್ರ ಚುರುಕಾದಳು. ತಾರಸಿಗೆ ಹೋಗುವುದನ್ನು ಬಿಟ್ಟಳು. ತನ್ನ ಕೋಣೆಯನ್ನು ಗುಡಿಸಿದಳು, ಮಂಚದ ಕೆಳಗಿದ್ದ ಹಳೆಯ ಪೆಟ್ಟಿಗೆಗಳನ್ನು ಹೊರಗೆ ಹಾಕಿಸಿದಳು. ಬಾಗಿಲ ಸದ್ದಾದರೆ ಮೊದಲು ಏಳುವವಳು ಅವಳೇ. ಮುದುಕಿಗೆ ಏನೋ ಹುರುಪು ಬಂದಿದೆ ಅಂತ ಅತ್ತಿಗೆ ಅಂದಳು.

ಆಮೇಲೆ ಒಂದು ಬೆಳಗ್ಗೆ ಅಮ್ಮ ನನ್ನ ಅಂಗಡಿಗೆ ಬಂದಳು.

"ಗಟ್ಟಿ ಬಟ್ಟೇಲಿ ಒಂದು ಚೀಲ ಹೊಲ್ಕೊಡೇ. ಬಿಳೀದು ಇದ್ರೆ ಒಳ್ಳೇದು."

"ಯಾವುದಕ್ಕಮ್ಮ? ಎಷ್ಟು ದೊಡ್ಡದು?"

ಅವಳು ನನ್ನ ಅಳತೆಯ ಪಟ್ಟಿ ತೆಗೆದುಕೊಂಡು, ಒಂದು ತುದಿಯನ್ನು ತನ್ನ ಸೊಂಟದ ಮೂಳೆಗೆ ಒತ್ತಿ, ಇನ್ನೊಂದನ್ನು ಮೊಣಕಾಲಿಗೆ ಹಿಡಿದಳು. "ಇಷ್ಟುದ್ದ, ತೊಡೆ ಮೂಳೆ ಹಿಡಿಯೋಷ್ಟು. ಅವರು ನನಗಿಂತ ಎತ್ತರ ಅಲ್ವಾ, ಒಂಚೂರು ಜಾಸ್ತಿ ಹಾಕು."

"ಅಮ್ಮ, ಏನ್ ಮಾತಾಡ್ತಿದ್ದೀಯ?"

"ನನ್ನ ಹತ್ರ ಮುಚ್ಚಿಡಬೇಡ್ರೇ. ನಾನು ನೋಡ್ಲಿಲ್ವಾ? ಅವನು ಸರಪಣಿ ಗಿರಪಣಿ ಅಂತ ಏನೇನೋ ಹೇಳ್ತಿದ್ದ. ಮೇಲೆ ಬರ್ತಿದ್ದಿದ್ದು ಹಡಗು. ಚಿಮಣಿ ಬಂತು, ಮೆಟ್ಟಿಲು ಬಂತು, ಎಲ್ಲ ನೋಡ್ದೆ. ಅಮ್ಮನಿಗೆ ಗೊತ್ತಾಗದ ಹಾಗೆ ಅಪ್ಪನ್ನ ಮನೆಗೆ ಕರ್ಕೊಂಡು ಬರೋಣ ಅಂತ ಮಾಡಿದ್ದಾನೆ, ನಾನ್ಯಾಕೆ ಅವನ ಆಸೆ ಕೆಡಿಸ್ಲಿ ಅಂತ ಸುಮ್ನಿದ್ದೆ. ದಿನಾ ಕಾಯ್ತಿದೀನಿ. ಎಲ್ಲಿಟ್ಟಿದ್ದಾರೆ? ಇನ್ನೂ ಎಷ್ಟು ದಿನ ಬೇಕಂತೆ?"

ನಾನು ಬಾಯಿಬಡುಕಿ. ಆದರೂ ಇದನ್ನು ಅಣ್ಣನೇ ಹೇಳಬೇಕಿತ್ತು. ಒಳಗೆ ಹೋಗಿ ಅಣ್ಣನನ್ನು ಎಬ್ಬಿಸಿ, ತೋಳು ಹಿಡಿದು ತಂದು ಅವಳ ಮುಂದೆ ನಿಲ್ಲಿಸಿದೆ. ಅವನು ನೆಲದ ಮೇಲೆ, ಟಾರ್ಪಾಲಿನ ರಾಶಿಯ ಪಕ್ಕದಲ್ಲಿ ಕೂತು ಎಲ್ಲ ಹೇಳಿದ. ಏನೂ ಉಳಿಸಿಕೊಳ್ಳಲಿಲ್ಲ. ಗುರುತು ಹಾಕಿಸಿದ್ದು ನಾನೇ ಅಮ್ಮ, ಆ ಗುರುತು ಹಿಡಿದೇ ಅವರು ಬಂದ್ರು ಅಂದ. ನಾನು ನಿನ್ನ ಪಕ್ಕ ಕೂತು ನೋಡ್ತಾನೇ ಇದ್ದೆ ಅಂದ. ಅತ್ತ. ಅವನು ಅತ್ತದ್ದನ್ನು ನಾನು ಅವತ್ತೇ ನೋಡಿದ್ದು.

ಅಮ್ಮ ಅಳಲಿಲ್ಲ. ಅರ್ಥವಾಗಲು ಅವಳಿಗೆ ಹೊತ್ತು ಬೇಕಾಯಿತು. "ಹಾಗಾದ್ರೆ ಅವರು ಎಲ್ಲಿದ್ದಾರೆ?" ಅಂದಳು. ಅಷ್ಟು ವರ್ಷ ಅವಳು ಉತ್ತರ ಹೇಳುತ್ತಿದ್ದ ಪ್ರಶ್ನೆ ಅದು.

"ಗೊತ್ತಿಲ್ಲಮ್ಮ."

"ಕಬ್ಬಿಣ ಒಯ್ದ್ರು. ಅವರನ್ನ ಯಾಕೆ ಒಯ್ತಾರೆ? ಅಲ್ಲೇ ಎಲ್ಲೋ ಬಿಟ್ಟಿರ್ತಾರೆ." ಅಮ್ಮ ನನ್ನ ಕಡೆ ತಿರುಗಿದಳು. "ನೀನು ಚೀಲ ಹೊಲಿ."

ಹೊಲಿದೆ. ಕಣ್ಣು ಮಂಜಾಗಿ ಎರಡು ಸಲ ಸೂಜಿ ಮುರಿಯಿತು. ಎಲ್ಲ ಕಡೆ ಜೋಡಿ ಹೊಲಿಗೆ ಹಾಕಿದೆ, ಒಳಗಿನದು ಒಂದೂ ಜಾರಬಾರದು ಅಂತ. ಅಳತೆ ಒಂಚೂರು ಜಾಸ್ತಿಯೇ ಇಟ್ಟೆ.

ಅಣ್ಣ ಆ ಚೀಲವನ್ನು ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಇಳಿದ. ಕಿವಿ ಹೋಗುತ್ತದೆ ಅಂತ ಅವನಿಗೂ ಗೊತ್ತಿತ್ತು, ಹೋಯಿತು. ದಿನಾ ಹೋಗಿ ಆ ಹಳ್ಳದ ಮರಳನ್ನು ಕೈಯಿಂದ ಜರಡಿ ಹಿಡಿದ ಹಾಗೆ ಸೋಸುತ್ತಿದ್ದ. ತಳದ ನೀರು ಕಲಕಿ ಏನೂ ಕಾಣುತ್ತಿರಲಿಲ್ಲವಂತೆ, ಬೆರಳಿಗೆ ಸಿಕ್ಕಿದ್ದೇ ನಂಬಿಕೆ. ಸಿಕ್ಕಿದ್ದೆಲ್ಲ ಕಬ್ಬಿಣದ ಚೂರು, ಚಿಪ್ಪು. ಕಡಲು ಕೆಡುವ ಕಾಲ ಬಂದು, ದೊಡ್ಡಪ್ಪ ಇನ್ನು ದೋಣಿ ಇಳಿಸುವುದಿಲ್ಲ ಅಂದ ದಿನ ಅವನು ಖಾಲಿ ಚೀಲವನ್ನು ಹಿಂಡಿಕೊಂಡು ಮನೆಗೆ ಬಂದ. ಅಮ್ಮ ಜಗಲಿಯ ಮೇಲೆ ಕೂತಿದ್ದಳು.

"ಏನೂ ಇಲ್ಲಮ್ಮ" ಅಂದ.

"ಚೆನ್ನಾಗಿ ನೋಡಿದ್ಯಾ?"

"ನೋಡ್ದೆ."

"ಕೂಗಿದ್ಯಾ?"

ಅಣ್ಣ ಕೇಳುವ ಕಿವಿಯನ್ನು ಅವಳ ಕಡೆ ತಿರುಗಿಸಿದ. "ನೀರೊಳಗೆ ಕೂಗೋಕಾಗಲ್ಲಮ್ಮ. ಬಾಯಲ್ಲಿ ನಳಿಗೆ ಇರುತ್ತೆ."

"ಇಷ್ಟು ವರ್ಷದಲ್ಲಿ ಒಂದ್ಸಲಾನೂ ಕರೆದಿಲ್ವಾ?"

"ಇಲ್ಲ."

ಅಮ್ಮ ಅವನ ಕೈಯಿಂದ ಚೀಲ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಹಾಗಾದ್ರೆ ನೀನು ಬಂದು ಹೋಗ್ತಿದ್ದಿದ್ದು ಅವರಿಗೆ ಗೊತ್ತೇ ಆಗಿಲ್ಲ" ಅಂದಳು.

ಅಮ್ಮ ಆ ಮಳೆಗಾಲ ದಾಟಲಿಲ್ಲ. ಅಣ್ಣ ಈಗ ನೀರಿಗೆ ಇಳಿಯುವುದಿಲ್ಲ, ಬಂದರಿನ ಗೇಟಿನಲ್ಲಿ ಕಾವಲು ಕೂರುತ್ತಾನೆ. ಹಡಗು ಮುಳುಗಿದ ದಿನ ಮಾತ್ರ ದೋಣಿ ಕೇಳಿಕೊಂಡು ಒಬ್ಬನೇ ಹೋಗುತ್ತಾನೆ. ಅಲ್ಲಿ ಏನು ಮಾಡುತ್ತಾನೆ ಅಂತ ನಾನು ಕೇಳಿಲ್ಲ. ಹತ್ತಿರದಲ್ಲಿ ಬಲೆ ಹಾಕುವವರು ಹೇಳಿದರು: ಇಂಜಿನ್ ನಿಲ್ಲಿಸಿ, ಡಬ್ಬ ಹಿಡಿದುಕೊಂಡು, ನೀರಿಗೆ ಬಗ್ಗಿ, ಗಂಟಲು ಬೀಳುವವರೆಗೆ ಅಪ್ಪಾ ಅಂತ ಕರೆಯುತ್ತಾನಂತೆ.